ದಾನ ಕೊಟ್ಟ ಮಾತ್ರೆ ವಾಪಸ್ ಕೇಳಿದ್ದು

ಮನೆಯಲ್ಲಿ ಒಬ್ಬರು ತೀರಿಕೊಂಡರೆ ಅವರ ಬಟ್ಟೆ, ಚಪ್ಪಲಿ, ಹಾಸಿಗೆ ಎಲ್ಲಕ್ಕೂ ಒಂದು ದಾರಿ ಸಿಗುತ್ತದೆ. ಅವರ ಮಾತ್ರೆಗಳಿಗೆ ಮಾತ್ರ ಸಿಗುವುದಿಲ್ಲ. ಮನ್ಸೂರಾ ಪಟ್ಟಣದ ನಮ್ಮ ಈ ಐದು ಮಹಡಿಯ ಕಟ್ಟಡದಲ್ಲಿ, ಉಳಿದ ಮಾತ್ರೆಗಳ ಡಬ್ಬಿ ಇಲ್ಲದ ಮನೆಯೇ ಇಲ್ಲ.

ಎರಡನೇ ಮಹಡಿಯ ಇನ್ಸಾಫ್ ಅವರ ಡಬ್ಬಿ ಎಲ್ಲಕ್ಕಿಂತ ದೊಡ್ಡದು. ಹಜ್ ಯಾತ್ರೆ ಮಾಡಿ ಬಂದ ಹಿರಿಯರಾದ್ದರಿಂದ ನಮಗೆಲ್ಲ ಅವರು ಹಾಜ್ಜಾ. ಅವರ ಗಂಡ ವಗ್ದಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎಂಟು ವರ್ಷ ಸಕ್ಕರೆ ಕಾಯಿಲೆ, ಬಿಪಿ, ಎದೆನೋವು. ಬೇಸಿಗೆ ಶುರುವಾಗುವ ಹೊತ್ತಿಗೆ ಹೋದರು. ನಲವತ್ತನೇ ದಿನ ಕಳೆದ ಮೇಲೆ ಹಾಜ್ಜಾ ಡಬ್ಬಿ ತೆಗೆದು ಮಾತ್ರೆಗಳನ್ನು ಹಂಚತೊಡಗಿದರು.

"ತಗೊಳ್ಳೇ ಉಮ್ ಬಾಸಿಲ್," ಎಂದು ನನಗೂ ಅರ್ಧ ಸ್ಟ್ರಿಪ್ ಕೊಟ್ಟರು. ನನ್ನ ದೊಡ್ಡ ಮಗನ ಹೆಸರು ಬಾಸಿಲ್. ಇಲ್ಲಿ ನಾನು ಅವನ ತಾಯಿ ಅಷ್ಟೇ, ನನ್ನ ಹೆಸರು ಯಾರಿಗೂ ನೆನಪಿಲ್ಲ. "ನೋವಿಗೆ ಒಳ್ಳೇದು. ನುಂಗೋವಾಗ ನಮ್ಮವರ ಹೆಸರಲ್ಲಿ ಒಂದು ಫಾತಿಹಾ ಪ್ರಾರ್ಥನೆ ಓದ್ಬಿಡು, ಸಾಕು."

ತೆಗೆದುಕೊಂಡೆ. ಬೇಡ ಅನ್ನಲು ಮನಸ್ಸಾಗಲಿಲ್ಲ. ಸತ್ತವರ ಹೆಸರಿನ ದಾನವನ್ನು ಯಾರು ತಾನೇ ತಿರಸ್ಕರಿಸುತ್ತಾರೆ?

ನಮ್ಮ ಬೀದಿಯ ಔಷಧಿ ಅಂಗಡಿ ಡಾಕ್ಟರ್ ನೆರ್ಮೀನ್ ಅವರದು; ಔಷಧಿ ಕೊಡುವವರನ್ನೂ ಇಲ್ಲಿ ಡಾಕ್ಟರ್ ಎಂದೇ ಕರೆಯುತ್ತೇವೆ. ಅವರ ಅಂಗಡಿಯ ಮೂಲೆಯಲ್ಲಿ ಬೀಗ ಹಾಕಿದ ಒಂದು ಮರದ ಪೆಟ್ಟಿಗೆ ಇತ್ತು. ಬಡಗಿ ರಗಬ್ ಮಾಡಿಕೊಟ್ಟಿದ್ದು. ಸ್ಟ್ರಿಪ್ ಒಳಗೆ ಹೋಗುತ್ತದೆ, ಕೈ ಹೋಗುವುದಿಲ್ಲ, ಅಷ್ಟು ಕಿರಿದಾದ ಬಾಯಿ. ಬೇಡದ ಔಷಧಿಯನ್ನು ಜನ ಅದರಲ್ಲಿ ಹಾಕಬೇಕು, ತಿಂಗಳಿಗೊಮ್ಮೆ ಆರೋಗ್ಯ ಇಲಾಖೆಯ ಗಾಡಿ ಬಂದು ಒಯ್ದು ದೊಡ್ಡ ಕುಲುಮೆಯಲ್ಲಿ ಸುಡಬೇಕು. ಇಷ್ಟಕ್ಕೆ ಒಪ್ಪಿಗೆ ಪಡೆಯಲು ನೆರ್ಮೀನ್ ಏಳು ಸಲ ಕಚೇರಿಗೆ ಅಲೆದಿದ್ದರು. ಪೆಟ್ಟಿಗೆ ಇಟ್ಟು ಎರಡು ತಿಂಗಳಾದರೂ ಬಿದ್ದಿದ್ದು ಮೂರು ಸ್ಟ್ರಿಪ್, ಮತ್ತೆ ಯಾರೋ ಹಾಕಿದ ಬಸ್ ಟಿಕೆಟ್.

"ನಿಮ್ಮ ಡಬ್ಬೀನೂ ತಂದು ಹಾಕಿ, ಹಾಜ್ಜಾ," ಎಂದು ಅವರು ಒಮ್ಮೆ ಕೇಳಿದ್ದರು.

"ಸುಡೋಕಾ? ರೊಟ್ಟಿ ತುಂಡು ನೆಲಕ್ಕೆ ಬಿದ್ರೆ ಮುತ್ತಿಟ್ಟು ಎತ್ತಿಡೋ ಜನ ನಾವು. ದೇವರು ಕೊಟ್ಟ ಔಷಧೀನ ಬೆಂಕಿಗೆ ಹಾಕು ಅಂತೀಯಲ್ಲಮ್ಮ! ಮಾತ್ರೆ ಮಾರೋಳು ನೀನು. ಹಳೇದು ಸುಟ್ರೆ ತಾನೇ ಹೊಸದು ಮಾರಾಟ ಆಗೋದು?"

ನೆರ್ಮೀನ್ ಜಗಳಕ್ಕೆ ನಿಲ್ಲಲಿಲ್ಲ. ಸುಸ್ತಾದವರು ಜಗಳ ಆಡುವುದಿಲ್ಲ.

ಅದಾಗಿ ಒಂದು ವಾರಕ್ಕೆ, ಬೆಳಿಗ್ಗೆ ನಾನು ಅವರೆಬೇಳೆ ಬೇಯಲು ಇಟ್ಟಿದ್ದಾಗ ಕೆಳಗಿನಿಂದ ಹಾಜ್ಜಾ ಕೂಗಿಕೊಂಡರು. ಒಲೆ ಆರಿಸಿ ಓಡಿದೆ. ಅವರ ತಂಗಿ ದೌಲತ್ ಸೋಫಾದ ಮೇಲೆ ಬೆವರಿನಲ್ಲಿ ತೊಯ್ದು ಹೋಗಿದ್ದಳು. ಕೈ ನಡುಗುತ್ತಿತ್ತು. ಕೇಳಿದ್ದಕ್ಕೆ ಏನೇನೋ ಉತ್ತರ ಕೊಡುತ್ತಿದ್ದಳು.

"ಬಿಸಿಲು ತಾಗಿರ್ಬೇಕು," ಎಂದರು ಹಾಜ್ಜಾ.

"ಇನ್ನೂ ಎಂಟು ಗಂಟೆ ಹಾಜ್ಜಾ, ಎಲ್ಲಿಯ ಬಿಸಿಲು?"

ನಾನು ಕಿಟಕಿಯಿಂದ ಕೂಗಿ ಕರೆದಿದ್ದಕ್ಕೆ ನೆರ್ಮೀನ್ ಸಕ್ಕರೆ ಅಳೆಯುವ ಯಂತ್ರ ಹಿಡಿದು ಮೆಟ್ಟಿಲು ಹತ್ತಿ ಬಂದರು. ಬೆರಳು ಚುಚ್ಚಿ ನೋಡಿದರು. ಮೂವತ್ತೆಂಟು. ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದು. ದೌಲತ್‌ಗೆ ಇನ್ನೂ ನುಂಗಲು ಆಗುತ್ತಿತ್ತು, ಹಾಗಾಗಿ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಎರಡು ದಿನ ಗ್ಲೂಕೋಸ್ ಹಾಕಿದರು. ಏರಿಸಿದಷ್ಟು ಸಲವೂ ಸಕ್ಕರೆ ಮತ್ತೆ ಇಳಿಯುತ್ತಿತ್ತು.

ದೌಲತ್‌ಗೆ ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇದೆ. ಅವಳ ಮಾತ್ರೆ ಮುಗಿದಿತ್ತು. ಅಕ್ಕ ಡಬ್ಬಿಯಿಂದ "ಬಿಪಿದು" ಎಂದು ಕೊಟ್ಟಿದ್ದು ಭಾವನ ಸಕ್ಕರೆ ಕಾಯಿಲೆಯ ಮಾತ್ರೆ. ಬರಿಹೊಟ್ಟೆಯಲ್ಲಿ ಎರಡು ನುಂಗಿದ್ದಳು.

ಅವಳು ಚೇತರಿಸಿಕೊಂಡ ಮೇಲೆ ಅಕ್ಕನಿಗೆ ಹೇಳಿದ್ದು ಇಷ್ಟೇ: "ಭಾವನಿಗೆ ಫಾತಿಹಾ ಓದಿಯೇ ನುಂಗಿದ್ದೆ ಕಣೇ. ಅವರು ನನ್ನನ್ನೇ ಕರ್ಕೊಂಡು ಹೋಗೋಕೆ ಬರ್ತಾರೆ ಅಂತ ಗೊತ್ತಿರ್ಲಿಲ್ಲ." ನಾನು ನಕ್ಕೆ. ಹಾಜ್ಜಾ ನಗಲಿಲ್ಲ.

ಆದರೂ ಅವರು ಸೋಲಲಿಲ್ಲ. ಮನೆಗೆ ಬಂದು ಡಬ್ಬಿ ಮುಂದಿಟ್ಟುಕೊಂಡು, "ತಪ್ಪು ನಂದು, ಮಾತ್ರೇದಲ್ಲ. ಇನ್ಮೇಲೆ ಸರಿಯಾಗಿ ನೋಡಿ ಕೊಡ್ತೀನಿ," ಎಂದರು.

ವಿಚಾರಿಸಲು ಬಂದಿದ್ದ ನೆರ್ಮೀನ್ ನೆಲದ ಮೇಲೆ ಅವರ ಎದುರಿಗೆ ಕುಳಿತರು. "ಸರಿ. ಒಂದೊಂದೇ ಹೇಳಿ ನೋಡೋಣ. ಇದು ಯಾವುದು?"

ಹಾಜ್ಜಾ ಸ್ಟ್ರಿಪ್ ತಿರುಗಿಸಿ ನೋಡಿದರು. ಇಲ್ಲಿ ನಾವು ಪೂರ್ತಿ ಸ್ಟ್ರಿಪ್ ಕೊಳ್ಳುವವರಲ್ಲ. ಬೇಕಾದಷ್ಟನ್ನು ಅಂಗಡಿಯವರು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಹೆಸರು ಒಂದು ತುಂಡಿನ ಜೊತೆ ಹೋಗುತ್ತದೆ, ತಾರೀಖು ಇನ್ನೊಂದರ ಜೊತೆ. ಹಾಜ್ಜಾ ಕೈಯಲ್ಲಿದ್ದ ತುಂಡಿನ ಮೇಲೆ ಎರಡು ಅಕ್ಷರ ಮಾತ್ರ ಉಳಿದಿದ್ದವು.

"ಬಿಳಿ... ಚಿಕ್ಕದು... ಬಿಪಿದಲ್ವಾ?"

"ನನಗೂ ಗೊತ್ತಿಲ್ಲ ಹಾಜ್ಜಾ. ಐದು ವರ್ಷ ಇದನ್ನೇ ಓದಿದೀನಿ, ಹದಿನಾರು ವರ್ಷದಿಂದ ಇದನ್ನೇ ಮಾರ್ತಿದೀನಿ. ಆದ್ರೂ ಗೊತ್ತಾಗ್ತಿಲ್ಲ."

ಹಾಜ್ಜಾ ಮುಖ ಇಳಿಯಿತು. ತುಂಡನ್ನು ಡಬ್ಬಿಗೆ ಹಾಕಿ ಮೆಲ್ಲಗೆ ಕೇಳಿದರು: "ಸುಟ್ಟುಬಿಟ್ರೆ ಅವರಿಗೆ ಏನು ತಲುಪುತ್ತೆ? ಫಾತಿಹಾ ಯಾರು ಓದ್ತಾರೆ?"

"ದಾರೀಲಿ ಬಿದ್ದ ಮುಳ್ಳು ತೆಗೆದು ಆಚೆ ಹಾಕೋದೂ ದಾನಾನೇ ಅಂತ ನೀವೇ ಅಲ್ವಾ ಮಕ್ಕಳಿಗೆ ಹೇಳೋದು? ಅವರ ಹೆಸರಲ್ಲೇ ತೆಗೀರಿ."

ಹಾಜ್ಜಾ ಬೆರಳು ಮಡಿಸಿ ಎಣಿಸತೊಡಗಿದರು. ಒಂಬತ್ತು ಮನೆಗೆ ಕೊಟ್ಟಿದ್ದರು. ನಾಲ್ಕನೇ ಮಹಡಿಗೆ ಬಂದಾಗ ಅವರ ಬೆರಳು ನಿಂತಿತು. ಅಲ್ಲಿನ ರಬಾಬ್ ಐದು ತಿಂಗಳ ಬಸುರಿ. ಸೊಂಟನೋವು ಎಂದಿದ್ದಕ್ಕೆ ಕೊಟ್ಟಿದ್ದರು. ಅದೂ ಬಿಳಿ, ಅದೂ ಚಿಕ್ಕದು.

"ಏಳು," ಎಂದರು ನನಗೆ. "ಕೈ ಹಿಡ್ಕೋ."

ಕೊಟ್ಟ ದಾನವನ್ನು ವಾಪಸ್ ಕೇಳುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ. ಸಾಯುವುದೇ ಮೇಲು ಅನ್ನುತ್ತಾರೆ. ಹಾಜ್ಜಾ ಮಂಡಿ ಹಿಡಿದುಕೊಂಡು ಎರಡು ಮಹಡಿ ಹತ್ತಿದರು. ಲಿಫ್ಟ್ ನಮ್ಮ ಕಟ್ಟಡದಲ್ಲಿ ಇಲ್ಲ. ರಬಾಬ್ ಬಾಗಿಲು ತೆಗೆದಳು.

"ಮಾತ್ರೆ ನುಂಗಿದ್ಯಾ ಮಗಳೇ?"

"ಇಲ್ಲ ಹಾಜ್ಜಾ, ಮರೆತೇ ಹೋಗಿತ್ತು. ಇವತ್ತು ಊಟ ಆದ್ಮೇಲೆ ತಗೊಳ್ಳೋಣ ಅಂತಿದ್ದೆ. ಆಣೆಗೂ, ಫಾತಿಹಾ ಮಾತ್ರ ಓದಿದೀನಿ!"

ಹಾಜ್ಜಾ ಬಾಗಿಲ ಚೌಕಟ್ಟಿಗೆ ಒರಗಿದರು. "ಫಾತಿಹಾ ಅವರಿಗೆ ಸೇರ್ತು ಬಿಡು. ಮಾತ್ರೆ ನನಗೆ ವಾಪಸ್ ಕೊಡು."

ಉಳಿದ ಮನೆಗಳಲ್ಲೂ ಇದೇ ಮಾತು. ಕೆಲವರು ಮುಖ ಗಂಟಿಕ್ಕಿದರು. ಒಬ್ಬಳು, "ಕೊಟ್ಟು ಕಿತ್ಕೊಳ್ಳೋದು ಯಾವ ಊರಿನ ದಾನ?" ಎಂದು ಕೇಳಿಯೂ ಬಿಟ್ಟಳು. ಹಾಜ್ಜಾ ಕೈ ಚಾಚಿಕೊಂಡೇ ನಿಂತರು. ಒಂಬತ್ತನೆಯದು ನನ್ನದು. ಅಡುಗೆಮನೆಯ ಡ್ರಾಯರ್‌ನಿಂದ ಆ ಅರ್ಧ ಸ್ಟ್ರಿಪ್ ತೆಗೆದುಕೊಡುವಾಗ ನನಗೆ ಅವರ ಮುಖ ನೋಡಲಾಗಲಿಲ್ಲ. ಮಗಳಿಗೆ ಹಲ್ಲುನೋವು ಬಂದ ದಿನ ಅದನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟಿದ್ದೆ.

ಈಗ ತಿಂಗಳ ಮೊದಲ ಗುರುವಾರ ಹಾಜ್ಜಾ ಮತ್ತು ನಾನು ನಮ್ಮ ಕಟ್ಟಡದ ಬಾಗಿಲುಗಳನ್ನು ತಟ್ಟಿ, ಬೇಡದ ಮಾತ್ರೆ ಕೇಳಿ ತಂದು ನೆರ್ಮೀನ್ ಅವರ ಪೆಟ್ಟಿಗೆಗೆ ಹಾಕುತ್ತೇವೆ. ಪಕ್ಕದ ಎರಡು ಕಟ್ಟಡಗಳಲ್ಲೂ ಒಬ್ಬೊಬ್ಬ ಹೆಂಗಸು ಒಪ್ಪಿಕೊಂಡಿದ್ದಾಳೆ. ಕಾಲು ನೋಯುತ್ತದೆ. ಅರ್ಧದಷ್ಟು ಮನೆಯವರು "ಮುಂದಿನ ತಿಂಗಳು ಬನ್ನಿ" ಅನ್ನುತ್ತಾರೆ. ಹೋಗುತ್ತೇವೆ.

ಓದುತ್ತಿರುವ ಅಕ್ಕತಂಗಿಯರೇ, ನಿಮಗೂ ನೂರು ಕೆಲಸ ಇರುತ್ತದೆ, ಗೊತ್ತು. ಆದರೂ ಇವತ್ತೇ ಮನೆಯ ಮಾತ್ರೆಗಳನ್ನೆಲ್ಲ ಒಮ್ಮೆ ತೆಗೆದು ನೋಡಿ. ಹೆಸರಿಲ್ಲದ್ದು, ತಾರೀಖು ಮುಗಿದದ್ದು, ನುಂಗುವವರು ಇಲ್ಲದ್ದು ಬೇರೆ ಇಡಿ. ಅವನ್ನು ಚರಂಡಿಗೆ, ಕಾಲುವೆಗೆ ಹಾಕಬೇಡಿ, ಆ ನೀರನ್ನೇ ಮತ್ತೆ ಕುಡಿಯುವವರು ನಾವು. ಔಷಧಿ ಅಂಗಡಿಯವರನ್ನೋ ಆರೋಗ್ಯ ಕೇಂದ್ರದವರನ್ನೋ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿ. ಇಲ್ಲ ಎಂದರೆ ನಾಲ್ಕು ಜನ ಸೇರಿ ಹೋಗಿ ಒಂದು ಪೆಟ್ಟಿಗೆ ಇಡಿ ಎನ್ನಿ. ಅಲ್ಲಿಯವರೆಗೆ ಮಕ್ಕಳ ಕೈಗೆ ಸಿಗದ ಹಾಗೆ ಬೀಗದೊಳಗೆ ಇಡಿ. ಇನ್ಸುಲಿನ್ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಿರಿ.

ಮತ್ತೆ, ಒಳ್ಳೆಯ ಮನಸ್ಸಿನಿಂದ ಯಾರಿಗಾದರೂ ನಿಮ್ಮ ಮಾತ್ರೆ ಕೊಟ್ಟಿದ್ದರೆ, ಅವರ ಮನೆಗೆ ಹೋಗಿ ವಾಪಸ್ ಕೇಳಿ. ನಾಚಿಕೆಯಾಗುತ್ತದೆ. ಆದರೂ ಕೇಳಿ. ಅವರು ಊಟ ಮಾಡಿ ನೀರಿನ ಲೋಟ ಎತ್ತಿಕೊಳ್ಳುವ ಮೊದಲೇ ಹೋಗಿ.