ಕಾಡುದ್ರಾಕ್ಷಿಯ ಗೊಜ್ಜು

ಪದ್ಮಿನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಅತ್ತಿಗೆ ಗೋದಾವರಿಯ ಮೇಲೆ ಮಾತ್ರ ಅದನ್ನು ಇಳಿಸಲಾಗದೆ ಒದ್ದಾಡುತ್ತಿದ್ದಳು. ಗೋದಾವರಿ ಎಂದರೆ ಪದ್ಮಿನಿಯ ಗಂಡ ಶ್ರೀನಾಥನ ಅಕ್ಕ. ಚಳಿಗಾಲದಲ್ಲಿ ಗಂಡ ರಾಜಗೋಪಾಲ ತೀರಿಕೊಂಡ ಮೇಲೆ ಪೇರ್ಲ್ಯಾಂಡ್ ಊರಿನ ತನ್ನ ಮನೆಯಲ್ಲಿ ಒಬ್ಬಳೇ ಇದ್ದು, ಒಂದಿಷ್ಟು ಮೊಸರು, ಅರ್ಧ ಬಾಳೆಹಣ್ಣು ತಿಂದುಕೊಂಡು ಕಡ್ಡಿಯಾಗಿದ್ದಳು. ಶ್ರೀನಾಥ ಹೋಗಿ ಫ್ಲೂಗರ್‌ವಿಲ್‌ನ ತನ್ನ ಮನೆಗೆ ಕರೆತಂದ. ಇಲ್ಲಿಯೂ ಅದೇ ಕತೆ. ಪದ್ಮಿನಿ ಬಿಸಿಬೇಳೆ ಭಾತು ಮಾಡಿದಳು, ಹುಳಿಯವಲಕ್ಕಿ ಮಾಡಿದಳು, ಒಬ್ಬಟ್ಟನ್ನೂ ತಟ್ಟಿದಳು. ಗೋದಾವರಿ ಎರಡು ಸಲ ಬೆರಳಾಡಿಸಿ, “ಬಾಯಿಗೆ ರುಚಿಯೇ ಇಲ್ಲ ಕಣೇ ಪದ್ದು,” ಎಂದು ಎದ್ದುಬಿಡುವಳು. ಹೀಗೇ ಬಿಟ್ಟರೆ ಈಕೆಯೂ ಉಳಿಯುವುದಿಲ್ಲ ಎಂದು ಪದ್ಮಿನಿಗೆ ದಿಗಿಲು ಹತ್ತಿತು.

ಜೂನ್ ಕೊನೆಯ ಶನಿವಾರ ಶ್ರೀನಾಥನ ಆಫೀಸಿನ ಪ್ರತಾಪ್ ಫೋನ್ ಮಾಡಿದ. ಊರಾಚೆ ಅವನ ಜಮೀನಿನ ಹಳ್ಳದ ದಂಡೆಯಲ್ಲಿ ಕಾಡುದ್ರಾಕ್ಷಿ ಹಣ್ಣಾಗಿತ್ತು. ಬೇಕಾದಷ್ಟು ಕಿತ್ತುಕೊಳ್ಳಿ ಎಂದ. ಹುಳಿ ಹಣ್ಣು ಎಂದು ಕಿವಿಗೆ ಬಿದ್ದದ್ದೇ ತಡ, ಪದ್ಮಿನಿ ಅತ್ತಿಗೆಯನ್ನು ಕಾರು ಹತ್ತಿಸಿದಳು.

ಬಳ್ಳಿ ಮರದ ಎತ್ತರಕ್ಕೆ ಹಬ್ಬಿತ್ತು. ದಪ್ಪ ಸಿಪ್ಪೆಯ ಕಪ್ಪು ಹಣ್ಣು ಗೊಂಚಲು ಗೊಂಚಲಾಗಿ ತೂಗುತ್ತಿತ್ತು. ಪ್ರತಾಪ್ ಕೈಗವಸು ಚಾಚಿದ.

“ಹಾಕ್ಕೊಳ್ಳಿ ಆಂಟಿ. ಇದರ ರಸ ಕೈ ಸುಡುತ್ತೆ.”

“ಹುಣಸೆಹಣ್ಣು ಕಿವುಚಿ ಕಿವುಚಿ ಪಳಗಿದ ಕೈ ಇದು. ದ್ರಾಕ್ಷಿ ಏನು ಮಾಡೀತು? ನೀವೇ ಹಾಕ್ಕೊಳ್ಳಿ.”

ಗೋದಾವರಿ ಕಾರಿನಿಂದ ಇಳಿಯಲಿಲ್ಲ. ಪದ್ಮಿನಿ ಕೊಕ್ಕೆಗೋಲು ಸಿಕ್ಕಿಸಿ ಬಳ್ಳಿಯನ್ನು ಜಗ್ಗಿದಳು. ಹಣ್ಣು ತಲೆಯ ಮೇಲೆ ಸುರಿದು ಅರ್ಧ ಮಣ್ಣುಪಾಲಾಯಿತು. ಎರಡನೆಯ ಸಲವೂ ಹಾಗೇ ಆದಾಗ ಗೋದಾವರಿಗೆ ತಡೆಯಲಾಗಲಿಲ್ಲ. ಕಾರಿನಲ್ಲಿದ್ದ ಹಳೆಯ ಬೆಡ್‌ಶೀಟ್ ಹಿಡಿದು ಇಳಿದು ಬಂದಳು.

“ಹಣ್ಣು ಕೀಳ್ತಿದ್ದೀಯೋ, ಮರಾನೇ ಉರುಳಿಸ್ತೀಯೋ? ಶ್ರೀನಾಥ, ಆ ತುದಿ ಹಿಡಿ.”

ಅಕ್ಕ ತಮ್ಮ ಕೆಳಗೆ ಬಟ್ಟೆ ಹಿಡಿದರು. ಬಕೆಟ್ ತುಂಬಿತು. ಪದ್ಮಿನಿ ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು, ಹುಳಿಗೆ ಕಣ್ಣು ಮುಚ್ಚಿದಳು.

“ಅತ್ತಿಗೆ, ಒಂದೇ ಒಂದು ತಿಂದು ನೋಡಿ.”

“ಬೇಡ.”

“ನಿಮಗೆ ಹುಳಿ ಇಷ್ಟ ಅಲ್ವಾ?”

“ಬೇಡ ಅಂದೆನಲ್ಲ ಪದ್ದು.”

ಪದ್ಮಿನಿಯ ಸಿಟ್ಟು ಗಂಡನ ಕಡೆ ತಿರುಗಿತು. “ಏನು ಹಲ್ಲು ಕಿರೀತಾ ನಿಂತಿದ್ದೀರಿ? ಬಕೆಟ್ ಎತ್ತಿ.”

ಮನೆಗೆ ಬಂದವಳೇ ಅದೇ ಸಿಟ್ಟಿನಲ್ಲಿ ಹಣ್ಣನ್ನು ಪಾತ್ರೆಗೆ ಸುರಿದು, ಎರಡೂ ಕೈ ಹಾಕಿ, ಹುಣಸೆಹಣ್ಣಿನಂತೆ ಕಿವುಚಿದಳು. ರಸ ಸೋಸಿ ಮುಗಿಯುವಷ್ಟರಲ್ಲಿ ಅಂಗೈ ಕೆಂಪೇರಿತು. ಸ್ವಲ್ಪ ಹೊತ್ತಿಗೆ ಮೆಣಸಿನಕಾಯಿ ಅರೆದು ಮೆತ್ತಿದಂತೆ ಉರಿಯತೊಡಗಿತು. ತಣ್ಣೀರಿನಲ್ಲಿ ಕೈಯದ್ದಿ ಕೂತಳು.

“ಪ್ರತಾಪ್ ಹೇಳಿದ್ದ,” ಎಂದ ಶ್ರೀನಾಥ.

“ನೀವು ಸುಮ್ಮನಿರಿ.”

ಗೋದಾವರಿ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತಳು. ರಸಕ್ಕೆ ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಕುದಿಸಿ, ಇಂಗಿನ ಒಗ್ಗರಣೆ ಕೊಟ್ಟಳು. ಮನೆ ತುಂಬ ಘಮ್ಮೆಂದಿತು. ಆದರೂ ತಾನು ಬಾಯಿಗಿಡಲಿಲ್ಲ.

ಊಟದ ಹೊತ್ತಿಗೆ ಪದ್ಮಿನಿಗೆ ಚಮಚ ಹಿಡಿಯಲೂ ಆಗಲಿಲ್ಲ. ಗೋದಾವರಿ ಬಿಸಿ ಅನ್ನಕ್ಕೆ ಗೊಜ್ಜು, ತುಪ್ಪ ಕಲಸಿ, “ಕೈ ನೀಡು,” ಎಂದು ತುತ್ತು ಎತ್ತಿದಳು. ಕೈಯ ಗತಿ ನೆನಪಾಗಿ, “ಸರಿ, ಬಾಯಿ ತೆಗಿ,” ಎಂದಳು. ಎಂಜಲು ಮುಸುರೆಯಲ್ಲಿ ಅವಳು ಬಲು ಕಟ್ಟುನಿಟ್ಟು. ಬೆರಳು ತುಟಿಗೆ ತಾಕಬಾರದೆಂದು ಮೇಲಿನಿಂದ ಬಿಟ್ಟಳು. ಅರ್ಧ ತುತ್ತು ಗಲ್ಲದ ಮೇಲೆ ಬಿತ್ತು.

“ನಾನೇನು ಕಾಗೆ ಮರೀನಾ ಅತ್ತಿಗೆ?”

ಗೋದಾವರಿಗೆ ನಗು ಬಂತು. ತಿಂಗಳುಗಳ ಮೇಲೆ ಕೇಳಿದ ಆ ನಗುವಿಗೆ ಪದ್ಮಿನಿ ಉರಿಯನ್ನೂ ಮರೆತಳು. ಎರಡನೆಯ ತುತ್ತು ನುಂಗಿ ಮುಖ ಸಿಂಡರಿಸಿದಳು.

“ಉಪ್ಪೇ ಇಲ್ಲ.”

“ಹಾಕಿದ್ದೀನಲ್ಲ.”

“ಇಲ್ಲ ಅಂದರೆ ಇಲ್ಲ. ನೀವೇ ನೋಡಿ.”

ಉಪ್ಪು ಹದವಾಗಿಯೇ ಇತ್ತು. ಆದರೆ ತನ್ನ ಅಡುಗೆಗೆ ಉಪ್ಪಿಲ್ಲ ಎನಿಸಿಕೊಂಡು ಗೋದಾವರಿ ಸುಮ್ಮನಿರುವವಳಲ್ಲ. ಅದೇ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

“ಸರಿಯಾಗೇ ಇದೆ.”

“ಒಂದು ತುತ್ತಿಗೆ ಏನು ಗೊತ್ತಾಗುತ್ತೆ?”

ಗೋದಾವರಿ ಅವಳ ಮುಖವನ್ನೇ ನೋಡಿದಳು. “ಕಳ್ಳಿ,” ಎಂದು ಮತ್ತೊಂದು ತುತ್ತು ತಿಂದಳು. ಆಮೇಲೆ ಪದ್ಮಿನಿಗೊಂದು, ತನಗೊಂದು. ಬೆರಳು ತುಟಿಗೆ ತಾಕಿತೋ ಇಲ್ಲವೋ ನೋಡಲಿಲ್ಲ. “ಅವರಿಗೂ ಇಷ್ಟವಾಗುತ್ತಿತ್ತು,” ಎಂದಳು ಒಮ್ಮೆ, ಅನ್ನ ಕಲಸುತ್ತಲೇ.

ಶ್ರೀನಾಥ ಬಾಗಿಲಲ್ಲಿ ನಿಂತು ಅಕ್ಕನನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದ. ಪದ್ಮಿನಿ ಕಣ್ಣಲ್ಲೇ ಗದರಿದಳು.

“ನೋಡ್ತಾ ನಿಲ್ಲಬೇಡಿ. ಅನ್ನ ಸಾಲಲ್ಲ, ಇನ್ನೊಂದು ಕುಕ್ಕರ್ ಇಡಿ.”