ಎಂಜಿನ್ ಕುಡಿದ ಎಣ್ಣೆ

ಶಾಂತಿನಾಥ ಸಾವಕಾರರು ಜಮಖಂಡಿಯಲ್ಲಿ ಮೂವತ್ತು ವರ್ಷ ಶೇಂಗಾ ಎಣ್ಣೆ ಮಾರಿದವರು. ಎಣ್ಣೆ ಕಡಿಮೆಯಾಗುವುದಕ್ಕೆ ಅವರು ಬಲ್ಲ ಕಾರಣಗಳು ಎರಡೇ. ಡಬ್ಬಿ ಸೋರಬೇಕು, ಇಲ್ಲವೇ ಯಾರಾದರೂ ಕದಿಯಬೇಕು. 1938ರಲ್ಲಿ ಒಂದು ಹಳೆಯ ಮೋಟಾರು ಕೊಂಡು ಪ್ರಯಾಣಿಕರನ್ನು ಕೂರಿಸಿಕೊಂಡು ಬನಹಟ್ಟಿಗೆ ಓಡಿಸತೊಡಗಿದಾಗಲೂ ಅವರ ನಂಬಿಕೆ ಬದಲಾಗಲಿಲ್ಲ.

ಮೋಟಾರಿಗೆ ವಾರಕ್ಕೊಂದು ಡಬ್ಬಿ ಎಂಜಿನ್ ಎಣ್ಣೆ ಬೇಕಾಗುತ್ತಿತ್ತು. ಒಂದು ಸಂಜೆ ಅದರ ಕೆಳಗೆ ಬಿಳಿ ಉಸುಕು ಹರಡಿಸಿದರು. ಬೆಳಿಗ್ಗೆ ಉಸುಕಿನ ಮೇಲೆ ಒಂದು ಹನಿಯೂ ಇರಲಿಲ್ಲ. ಹಾಗಾದರೆ ಕಳ್ಳ ಡ್ರೈವರ್ ಯಮನಪ್ಪನೇ.

ಯಮನಪ್ಪ ಸಿಟ್ಟಾಗಲಿಲ್ಲ. ಪಿಸ್ಟನ್ನಿನ ರಿಂಗುಗಳು ಸವೆದಿವೆ, ಆ ಸಂದಿಯಿಂದ ಎಣ್ಣೆ ಮೇಲೇರಿ ಪೆಟ್ರೋಲಿನ ಜೊತೆ ಸುಟ್ಟು ಹೊಗೆಯೊಂದಿಗೆ ಹೊರಗೆ ಹೋಗುತ್ತಿದೆ ಎಂದ. ಎಣ್ಣೆಯ ವಿಷಯ ತಮಗೆ ಕಲಿಸಬೇಡವೆಂದು ಸಾವಕಾರರು ನಕ್ಕರು. ಅಂದು ತಾವೇ ಎಣ್ಣೆ ಸುರಿದು, ಅಳತೆಯ ಕಡ್ಡಿ ಅದ್ದಿ ನೋಡಿ, ಅವನ ಪಕ್ಕದಲ್ಲಿ ಕೂತರು. ಎಣ್ಣೆ ಇಳಿಯದಿದ್ದರೆ ಅವನ ಕೆಲಸ ಹೋಯಿತು, ಕಳ್ಳನೆಂಬ ಹೆಸರೂ ಊರೆಲ್ಲ ಹಬ್ಬಿತು.

ಬನಹಟ್ಟಿಯ ಹೊರಗೆ ಮೋಟಾರು ನಿಲ್ಲಿಸಿ ಕಡ್ಡಿ ಅದ್ದಿದಾಗ ಎಣ್ಣೆ ಅರ್ಧ ಇಂಚು ಇಳಿದಿತ್ತು. ಆದರೂ ಸಾವಕಾರರು ಒಪ್ಪಲಿಲ್ಲ.

"ಕಾದ ಎಣ್ಣಿ ತೆಳ್ಳಗಾಗಿ ಕಡ್ಡಿಗಿ ಹತ್ತೂದಿಲ್ಲಲೇ. ನಿನ್ನ ಆಟ ನನ್ನ ಮುಂದ ನಡಿಯೂದಿಲ್ಲ. ಕೀಲಿ ಕೊಡು."

ಯಮನಪ್ಪ ಕೀಲಿ ಕೊಡಲಿಲ್ಲ. "ನೇಕಾರರ ಓಣಿ ಬಾಯಿಗಿ ಬರ್ರಿ. ಸಾಕ್ಷಿ ಅಲ್ಲೈತಿ," ಎಂದ.

ಮೋಟಾರು ಓಣಿಯ ಬಾಯಿಗೆ ಬಂದು ನಿಂತಿತು. ಅಲ್ಲಿ ದಾರಿಯ ಎರಡೂ ಬದಿಗೆ, ಸೀರೆ ನೇಯಲು ಗಂಜಿ ಹಚ್ಚಿದ ಬಿಳಿ ನೂಲಿನ ಉದ್ದನೆಯ ಹಾಸುಗಳನ್ನು ಬಿಗಿದು ಒಣಗಲು ಬಿಟ್ಟಿದ್ದರು. ನಡುದಾರಿಯಲ್ಲಿ ನೇಕಾರರ ಕಸ್ತೂರೆವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಮೋಟಾರಿಗೆ ದಾರಿ ಬಿಡುವುದಿಲ್ಲವೆಂದು ಆಕೆ ನಿನ್ನೆಯೇ ಯಮನಪ್ಪನಿಗೆ ಹೇಳಿ ಕಳಿಸಿದ್ದಳು.

"ನೀವೇನ್ರಿ ಇದರ ಮಾಲಕರು?" ಎನ್ನುತ್ತ ಸಾವಕಾರರ ಕೈಗೆ ಒಂದು ನೂಲಿನ ಎಳೆಕಟ್ಟು ತುರುಕಿದಳು. "ನಿನ್ನಿ ನಿಮ್ಮ ಮೋಟಾರಿನ ಹೊಗಿ ಬಿಟ್ಟು ಹ್ವಾದ ಪ್ರಸಾದ. ಯಾ ಮದುಮಗಳು ಉಡಬೇಕ್ರಿ ಈ ಸೀರಿ?"

ಗಂಜಿ ಹಚ್ಚಿದ ನೂಲಿನ ಮೇಲೆ ಕಂದು ಚುಕ್ಕೆಗಳು ಕೂತಿದ್ದವು. ಸಾವಕಾರರ ಬೆರಳುಗಳು ಅಭ್ಯಾಸಬಲದಿಂದ ಒಂದು ಚುಕ್ಕೆಯನ್ನು ಉಜ್ಜಿದವು. ಬರಿಯ ಮಸಿಯಾಗಿದ್ದರೆ ಪುಡಿಯಾಗಬೇಕಿತ್ತು. ಇದು ಜಾರಿತು. ಮೂಗಿಗೆ ಹಿಡಿದು ನೋಡಿದರು. ಮತ್ತೊಮ್ಮೆ ನೋಡಿದರು. ಮೂವತ್ತು ವರ್ಷ ಸುಳ್ಳು ಹೇಳದ ಬೆರಳುಗಳು ಅವು.

"ಎಣ್ಣಿ," ಎಂದರು ಮೆಲ್ಲಗೆ. "ಖರೇನ ಎಣ್ಣಿ."

ಹಾಳಾದ ಹಾಸಿನ ಬದಲಿಗೆ ಹೊಸ ನೂಲು ಕೊಡುವುದಾಗಿ ಸಾವಕಾರರು ಕಸ್ತೂರೆವ್ವನಿಗೆ ಹೇಳಿದರು. ನಾಳೆಯೇ ಬೆಳಗಾವಿಯಿಂದ ರಿಂಗು ತರಿಸುವುದಾಗಿ ಯಮನಪ್ಪನಿಗೆ ಹೇಳಿದರು. ಕಸ್ತೂರೆವ್ವ ಮಾತ್ರ ಜಗ್ಗಲಿಲ್ಲ. ರಿಂಗು ಬರುವತನಕ ಈ ಓಣಿಯಲ್ಲಿ ಎಂಜಿನ್ ಚಾಲೂ ಆಗಕೂಡದು ಎಂದಳು.

ಯಮನಪ್ಪ ಸ್ಟೇರಿಂಗ್ ಹಿಡಿದು ಕೂತ. ಪ್ರಯಾಣಿಕರು ಇಳಿದು ಮೋಟಾರು ನೂಕಲು ಹಿಂದೆ ಹೋದರು. ಸಾವಕಾರರು ಕೋಟು ಬಿಚ್ಚಿ ಕಸ್ತೂರೆವ್ವನ ಕೈಗೆ ಕೊಟ್ಟು, ಅವರ ನಡುವೆ ಹೆಗಲು ಕೊಟ್ಟರು.

"ನೂಕ್ರಿ ಸಾವ್ಕಾರ್ರ," ಯಮನಪ್ಪ ಕಿಟಕಿಯಿಂದ ಕೂಗಿದ, "ಏರು ಮುಂದೈತಿ."