ಹತ್ತನೇ ಸೀಟು

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಸಂಜೆ ಆರಕ್ಕೆ ನಿಲ್ಲುವ ಚಾಂದ್‌ಪಾಷಾನ ಟಂಟಂ ಆಟೋಗೆ ಒಂದು ನೇಮವಿತ್ತು. ಹತ್ತು ಜನ ತುಂಬುವ ತನಕ ಅದು ಗೊರೇಬಾಳದ ಕಡೆ ಮುಖ ಮಾಡುತ್ತಿರಲಿಲ್ಲ. ಮಳೆ ಬರಲಿ, ಒಳಗೆ ಕೂಸು ಅಳಲಿ, ಒಂಬತ್ತು ಮಂದಿ ಬೆವೆತು ನೀರಾಗಲಿ, ಚಾಂದ್‌ಪಾಷಾ ಹ್ಯಾಂಡಲ್ ಮೇಲೆ ಮೊಣಕೈ ಊರಿ 'ಗೊರೇಬಾಳ, ಗೊರೇಬಾಳ' ಎಂದು ಕೂಗುತ್ತ ಹತ್ತನೆಯವನ ದಾರಿ ನೋಡುತ್ತಿದ್ದ. ಮಮತಾ ಹತ್ತಿದ ದಿನ ಮಾತ್ರ ಈ ನೇಮ ಮುರಿಯುತ್ತಿತ್ತು. ಅವಳು ಹಿಂದಿನ ಸೀಟಿನ ತುದಿಯಲ್ಲಿ ಕುಳಿತು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಒಂಬತ್ತು ಜನವಾದೊಡನೆ ಪಕ್ಕದ ಖಾಲಿ ಜಾಗ ತೋರಿಸಿ, 'ನಡಿ ಅಣ್ಣಾ, ಆ ಸೀಟಿಂದು ನಾ ಕೊಡತೀನಿ' ಅನ್ನುತ್ತಿದ್ದಳು.

ಇಪ್ಪತ್ತು ರೂಪಾಯಿ ತನ್ನದು, ಇಪ್ಪತ್ತು ಯಾರೂ ಕೂಡದ ಜಾಗದ್ದು. ಮೂರು ವರ್ಷದಿಂದ ಹೀಗೇ ನಡೆದಿತ್ತು. ಯಾಕೆಂದು ಕೇಳಿದವರಿಗೆ 'ಮನ್ಯಾಗ ಹುಡುಗಿ ಕಾಯಾಕತ್ತಿರತಾಳ' ಅನ್ನುತ್ತಿದ್ದಳು. ನಾಲ್ಕನೇ ಕ್ಲಾಸಿನ ಮಗಳು ಪ್ರಿಯಾಂಕಾ ಕಾಯುತ್ತಿದ್ದುದು ನಿಜ. ಆದರೆ ಪೂರ್ತಿ ಖರೆ ಅದಲ್ಲ. ಖರೆ ಏನೆಂದರೆ, ಮಮತಾ ಆ ಟಂಟಂನಲ್ಲಿ ಕುಳಿತು ಮನೆ ಕಟ್ಟುತ್ತಿದ್ದಳು.

ಬಟ್ಟೆ ಅಂಗಡಿಯಲ್ಲಿ ಮುಂಜಾನೆಯಿಂದ ನಿಂತೇ ಇರುವ ಕೆಲಸ ಅವಳದು. ಬಂದವರ ಮುಂದೆ ನಲವತ್ತು ಸೀರೆ ಬಿಚ್ಚಬೇಕು, ಅವರು ಒಂದನ್ನೂ ಒಲ್ಲದೆ ಎದ್ದು ಹೋದ ಮೇಲೆ ನಲವತ್ತನ್ನೂ ಮಡಚಬೇಕು, ಮುಖದ ಮೇಲಿನ ನಗುವನ್ನು ಮಾತ್ರ ಮಡಚುವಂತಿಲ್ಲ. ಮನೆಗೆ ಹೋದರೆ ಒಂದೂವರೆ ಖೋಲಿಯ ಬಾಡಿಗೆ ಮನೆ. ಅತ್ತೆ ಅಮರಮ್ಮ, ಮಗಳು, ಗಂಡ, ತಾನು. ಎಲ್ಲರ ಹಾಸಿಗೆ ಸಾಲಾಗಿ ಬಿದ್ದರೆ, ನೀರು ಕುಡಿಯಲು ಎದ್ದವರು ಯಾರದಾದರೂ ಕಾಲು ತುಳಿಯಲೇಬೇಕು. ಇಡೀ ದಿನದಲ್ಲಿ ಅವಳ ಮೊಣಕೈಗೆ ಮತ್ತೊಬ್ಬರ ಮೊಣಕೈ ತಾಗದ ಜಾಗವೆಂದರೆ ಆ ಹಿಂದಿನ ಸೀಟು, ಆ ಅರ್ಧ ತಾಸು.

ಹಿಂದಕ್ಕೆ ಮುಖ ಮಾಡಿ ಕೂಡುವ ಸೀಟದು. ಟಂಟಂ ಮುಂದೆ ಹೋದಂತೆ ಸಿಂಧನೂರು ಹಿಂದೆ ಸರಿಯುತ್ತ ಸಣ್ಣದಾಗುತ್ತಿತ್ತು. ಅಂಗಡಿಗಳ ದೀಪ, ರೈಸ್‌ಮಿಲ್ಲಿನ ಹೊಗೆ, ಆಮೇಲೆ ಕಾಲುವೆ, ಆಮೇಲೆ ಬರೀ ಭತ್ತದ ಹಸಿರು. ಸಂಜೆಯ ಬೆಳಕು ಬಿದ್ದಾಗ ಗದ್ದೆ ಯಾವುದು, ನೀರು ಯಾವುದು, ಮುಗಿಲು ಯಾವುದು ತಿಳಿಯುತ್ತಿರಲಿಲ್ಲ. ಆ ತಿಳಿಯದ ಜಾಗದಲ್ಲೇ ಅವಳ ಮನೆ ಏಳುತ್ತಿತ್ತು. ಮೊದಲ ವರ್ಷ ಪಾಯ ಹಾಕಿ ಗೋಡೆ ಎಬ್ಬಿಸಿದ್ದಳು. ಅವಸರವಿಲ್ಲ, ಮೇಸ್ತ್ರಿಯ ಕಾಟವಿಲ್ಲ. ಒಂದು ಸಂಜೆ ಕಿಟಕಿ ಇಟ್ಟಳು. ಮರುದಿನ ಅದು ಸರಿ ಕಾಣದೆ ಎರಡು ಗೇಣು ಎತ್ತರಿಸಿದಳು. ಅಡುಗೆಮನೆ ಸರಿಯಾಗಿ ಅವಳ ಎಡಮಗ್ಗುಲಿಗೆ, ಖಾಲಿ ಸೀಟಿನ ಮೇಲೆ ಬರುತ್ತಿತ್ತು. ಕಣ್ಣು ಅರೆಮುಚ್ಚಿದರೆ ಅಲ್ಲಿಂದ ಒಗ್ಗರಣೆಯ ವಾಸನೆ ಬರುತ್ತದೆಂದು ಅವಳು ಆಣೆ ಮಾಡಿ ಹೇಳಬಲ್ಲವಳಾಗಿದ್ದಳು.

ಹೀಗಿರುವಾಗ ಲಿಂಗಸುಗೂರಿನಲ್ಲಿ ನಾದಿನಿಯ ಹೊಸ ಮನೆಯ ಗೃಹಪ್ರವೇಶವಾಯಿತು. ಹೋಳಿಗೆ ಉಂಡು ಬಂದ ಮೇಲೆ ಗಂಡ ಆನಂದಕುಮಾರ ಎರಡು ದಿನ ಮಾತೇ ಆಡಲಿಲ್ಲ. ಮಸ್ಕಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದ ಅವನು ಸಿಟ್ಟಿನ ಮನುಷ್ಯನಲ್ಲ, ಒಳಗೊಳಗೇ ಕುದಿಯುವವನು. ಮೊಬೈಲಿನಲ್ಲಿ ಯಾರದೋ ಉಳಿತಾಯದ ಉಪದೇಶ ಕೇಳಿ, ಆದಿತ್ಯವಾರ ಮುಂಜಾನೆ ಎಲ್ಲರನ್ನೂ ಎದುರು ಕೂಡಿಸಿದ.

'ದಿನಾ ಸುಮ್‌ಸುಮ್ನ ಹೋಗೋ ರೊಕ್ಕ ನಿಲ್ಲಿಸಿದ್ರ ನಮಗೂ ಒಂದು ಸೈಟ್ ಆಗತೈತಿ. ಮೊದಲ ನಂದು ಹೇಳತೀನಿ. ಮಸ್ಕಿ ಬಸ್‌ಸ್ಟ್ಯಾಂಡಿನ ಮಿರ್ಚಿ ಇವತ್ತಿಂದ ಬಂದ್.'

ಮಿರ್ಚಿ ಬಿಡುವುದು ಅವನಿಗೆ ಸಣ್ಣ ಮಾತಲ್ಲ. ಸಂಜೆ ಬಸ್ಸು ಹತ್ತುವ ಮೊದಲು ಹಾಳೆಯಲ್ಲಿ ಕಟ್ಟಿಸಿಕೊಂಡ ನಾಲ್ಕು ಬಿಸಿ ಮಿರ್ಚಿ ಭಜಿ ಇಲ್ಲದಿದ್ದರೆ ಅವನ ದಿನ ಮುಗಿಯುತ್ತಲೇ ಇರಲಿಲ್ಲ. ಅಂಥವನೇ ಬಿಟ್ಟ ಮೇಲೆ ಉಳಿದವರು ಹಿಂದೆ ಬೀಳುವಂತಿರಲಿಲ್ಲ. ಇನ್ನೂರು ಚಾನೆಲ್ಲಿನ ಪ್ಯಾಕು ಹಾಕಿಸಿ ಒಂದೇ ಧಾರಾವಾಹಿ ನೋಡುತ್ತಿದ್ದ ಅಮರಮ್ಮ ಪ್ಯಾಕು ಬಿಟ್ಟಳು. ಪ್ರಿಯಾಂಕಾ ಗಾಳಿ ತುಂಬಿದ ಚಿಪ್ಸ್ ಪಾಕೀಟು ಬಿಟ್ಟಳು. ಆಮೇಲೆ ಎಲ್ಲರೂ ಮಮತಾಳ ಮುಖ ನೋಡಿದರು.

ಸುಳ್ಳು ಹೇಳಬಹುದಿತ್ತು. ಅವಳಿಗೆ ಅದು ಬರುವುದಿಲ್ಲ. ಸೀಟಿನ ಸಂಗತಿ ಹೇಳಿದಳು.

'ಯಾರು ಕುಂದ್ರತಾರ ಅಲ್ಲಿ?' ಆನಂದಕುಮಾರ ಕೇಳಿದ.

'ಯಾರಿಲ್ರಿ.'

'ಅಲ್ಲ ಮಮತಾ, ಗಾಳಿಗೆ ಟಿಕೀಟು ತಗೋತೀ ಏನು?'

ಅವನು ನಕ್ಕ, ಅತ್ತೆ ನಕ್ಕಳು, ಮಮತಾಳೂ ನಕ್ಕಳು. ನಗದೆ ಏನು ಮಾಡುವುದು? ಮನೆ ಕಟ್ಟಲು ರೊಕ್ಕ ಉಳಿಸೋಣವೆಂದು ಗಂಡ ಬಾಯಿಬಿಟ್ಟು ಕೇಳುತ್ತಿರುವಾಗ, ನಾನು ಆಗಲೇ ಕಟ್ಟುತ್ತಿದ್ದೇನೆ ಎಂದು ಯಾವ ಮುಖದಿಂದ ಹೇಳಿಯಾಳು? ಆ ಸೀಟು ಬಿಟ್ಟೆನೆಂದು ಒಪ್ಪಿಕೊಂಡಳು.

ಸೋಮವಾರ ಸಂಜೆ ಒಂಬತ್ತು ಜನ ಕುಳಿತಾಗ ಚಾಂದ್‌ಪಾಷಾ ರೂಢಿಯಂತೆ ತಿರುಗಿ ನೋಡಿದ. ಮಮತಾ ರಸ್ತೆ ನೋಡುತ್ತ ಕುಳಿತಳು. ಇಪ್ಪತ್ತು ನಿಮಿಷ ಕಳೆದ ಮೇಲೆ ರಸಗೊಬ್ಬರದ ಚೀಲ ಹೊತ್ತ ಒಬ್ಬ ಬಂದು ಚೀಲವನ್ನೂ ತನ್ನನ್ನೂ ಅವಳ ಅಡುಗೆಮನೆಯ ಮೇಲೆ ಹೇರಿದ. ಕಾಲುವೆ ಬಂತು, ಗದ್ದೆ ಬಂತು, ಬೆಳಕೂ ಬಿತ್ತು. ಮನೆ ಮಾತ್ರ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಗೋಡೆಯ ಬಣ್ಣ ನೆನಪಿಸಿಕೊಳ್ಳಲು ಹೋದರೆ ಪಕ್ಕದವನ ಫೋನು ಬಡಿದುಕೊಳ್ಳುತ್ತಿತ್ತು. ಗುರುವಾರದ ಹೊತ್ತಿಗೆ ಕಿಟಕಿ ಯಾವ ಗೋಡೆಯಲ್ಲಿತ್ತೆಂಬುದೇ ಮರೆತುಹೋಯಿತು. ಆ ದಿನ ಮನೆಯಲ್ಲಿ ಸಾರಿಗೆ ಉಪ್ಪು ಎರಡು ಸಲ ಬಿತ್ತು, ಕಾರಣವಿಲ್ಲದೆ ಮಗಳು ಬೈಸಿಕೊಂಡಳು.

ಶುಕ್ರವಾರ ಒಂಬತ್ತು ಜನ ಕುಳಿತು ಹತ್ತನೆಯವನಿಗಾಗಿ ಕಾಯುತ್ತಿದ್ದಾಗ, ಸಂತೆಯಲ್ಲಿ ಕಾಯಿಪಲ್ಲೆ ಮಾರಿ ಖಾಲಿ ಬುಟ್ಟಿ ಹೊತ್ತು ಬರುವ ಮುದುಕಿ ಅಯ್ಯಮ್ಮ ಖಾಲಿ ಸೀಟಿನ ಆಚೆ ಮಗ್ಗುಲಿಂದ ಮೆಲ್ಲಗೆ ಬಾಗಿದಳು.

'ಯವ್ವಾ, ಕೇಳತೀನಂತ ಸಿಟ್ಟಾಗಬ್ಯಾಡ. ಹರಕಿ ಮುಗೀತೇನು?'

'ಯಾವ ಹರಕಿ, ಆಯಿ?'

'ಹುಲಿಗೆಮ್ಮಂದು. ಆಕಿಗಂತ ಅಲ್ಲೇನು ಮೂರು ವರ್ಸ ಸೀಟು ಬಿಡಿಸಿದ್ದಿ? ಅದಕ ನಾ ಒಂದು ದಿನಾನೂ ಅದರ ಮ್ಯಾಲೆ ಬುಟ್ಟಿ ಇಟ್ಟಿಲ್ಲ.'

ದವಾಖಾನೆಯಲ್ಲಿ ಚೀಟಿ ಬರೆಯುವ ಮೆಹರಬಾನು ಬೆರಗಾದಳು. ಅವಳು ಅದನ್ನು ದರ್ಗಾದ ಮನ್ನತ್ತು ಎಂದು ತಿಳಿದಿದ್ದಳು. ಚಾಂದ್‌ಪಾಷಾ ಮುಂದಿನಿಂದಲೇ ಗಂಟಲು ಸರಿಪಡಿಸಿಕೊಂಡು, ದಿನಾ ಮುಂಜಾನೆ ಆ ಒಂದು ಸೀಟನ್ನು ಬೇರೆ ಬಟ್ಟೆಯಿಂದ ಒರೆಸಿ ಊದುಬತ್ತಿ ಬೆಳಗುತ್ತಿದ್ದುದಾಗಿ ಒಪ್ಪಿಕೊಂಡ. ಯಾವ ದೇವರೆಂದು ಕೇಳುವುದು ತಪ್ಪೆಂದು ಎಲ್ಲರೂ ಇಷ್ಟು ದಿನ ಸುಮ್ಮನಿದ್ದರು. ಹೀಗೆ ಒಂದು ರೆಕ್ಸಿನ್ ಸೀಟು ಮೂರು ವರ್ಷ ಹತ್ತು ಜನರ ನಡುವೆ ಗುಡಿಯಾಗಿ ಓಡಾಡಿತ್ತು.

ಮಮತಾಳಿಗೆ ನಾಚಿಕೆಯಾಯಿತು. ದೇವರ ಹೆಸರಲ್ಲಿ ಸುಮ್ಮನಿದ್ದರೆ ಪಾಪ ಸುತ್ತಿಕೊಳ್ಳುತ್ತದೆಂದು ಹೆದರಿ ಖರೆ ಹೇಳಿಬಿಟ್ಟಳು.

'ದೇವರಿಲ್ಲ ಆಯಿ. ಅಲ್ಲಿ ನಾ ಮನಿ ಕಟ್ಟಾಕತ್ತಿದ್ದೆ. ಮನಸಿನಾಗ.'

ಯಾರೂ ನಗಲಿಲ್ಲ. ಅಯ್ಯಮ್ಮ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, 'ಎಷ್ಟು ಖೋಲಿ?' ಎಂದು ಕೇಳಿದಳು.

'ಮೂರು. ಅಡಗಿಮನಿ ಬ್ಯಾರೆ.'

'ಪಡಸಾಲಿ?'

'ಐತಿ. ಅರ್ಧಕ್ಕ ನಿಂತೈತಿ.'

'ಅರ್ಧಕ್ಕ ನಿಂತ ಮನಿ ಚಲೋ ಅಲ್ಲ,' ಅಂದಳು ಅಯ್ಯಮ್ಮ. ಸೊಂಟದ ಚೀಲ ಬಿಚ್ಚಿ ಎರಡು ರೂಪಾಯಿಯ ನಾಣ್ಯವೊಂದನ್ನು ಖಾಲಿ ಸೀಟಿನ ಮೇಲಿಟ್ಟಳು. 'ಇಷ್ಟು ದಿನ ಈಕಿ ರೊಕ್ಕದಾಗ ನಾವು ಲಗೂ ಮನಿ ಮುಟ್ಟೀವಿ. ಈಗ ಎಲ್ಲಾರೂ ಎರಡೆರಡು ಹಾಕ್ರಿ.'

ಮೆಹರಬಾನು ಹಾಕಿದಳು, ಉಳಿದವರೂ ಹಾಕಿದರು. ಒಂಬತ್ತು ಜನರದು ಹದಿನೆಂಟಾಯಿತು. ಇನ್ನೆರಡು ತನ್ನದೆಂದು ಹೇಳಿ ಚಾಂದ್‌ಪಾಷಾ ಗಾಡಿ ಬಿಟ್ಟ.

ಅಂದಿನಿಂದ ಮನೆ ಮತ್ತೆ ಏಳತೊಡಗಿತು, ಈಗ ಕೈ ಬಹಳ. ಮೆಹರಬಾನು ಪಡಸಾಲೆಗೆ ಬಣ್ಣದ ಗಾಜಿನ ಬಾಗಿಲು ಬೇಕೆಂದಳು. ಒಲೆ ಎತ್ತ ಮುಖ ಮಾಡಬೇಕೆಂಬುದರ ಮೇಲೆ ಎರಡು ಸಂಜೆ ವಾದ ನಡೆಯಿತು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ, ತೆಲುಗು ಮಾತಾಡುವ ಹೆಂಗಸೊಬ್ಬಳು ಹಿತ್ತಲಲ್ಲಿ ಕರಿಬೇವು ನೆಟ್ಟು ಇಳಿದುಹೋದಳು. ಸುಮ್ಮನೆ ಕಣ್ಣುಮುಚ್ಚಿ ಕುಳಿತವರೂ ಒಳಗೆ ಏನೋ ಕಟ್ಟುತ್ತಿರುವಂತೆ ಕಾಣುತ್ತಿದ್ದರು. ಟಂಟಂ ಹಸಿರಿನ ನಡುವೆ ತೇಲಿಕೊಂಡು ಹೋಗುತ್ತಿತ್ತು. ಮಮತಾಳಿಗೆ ಅಷ್ಟು ಸುಖ ಯಾವತ್ತೂ ಆಗಿರಲಿಲ್ಲ. ಗಂಡನಿಗೆ ಮಾತ್ರ ಅವಳು ಹೇಳಿರಲಿಲ್ಲ. ಎರಡು ರೂಪಾಯಿಯದೇನು ಹೇಳುವುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಒಂದು ಸಂಜೆ, ಒಂಬತ್ತು ಜನ ಕುಳಿತು ನಾಣ್ಯ ಸೀಟಿನ ಮೇಲೆ ಬೀಳುತ್ತಿರುವಾಗ, ಆನಂದಕುಮಾರ ಬಂದು ನಿಂತ. ಬಸ್ಸಿಳಿದು ಊರಿಗೆ ಹೋಗಲು ಸಿಂಧನೂರಿನಲ್ಲಿ ನಿಲ್ಲಿಸಿರುತ್ತಿದ್ದ ಅವನ ಬೈಕು ಮೆಕ್ಯಾನಿಕ್ಕಿನ ಹತ್ತಿರ ಇತ್ತು, ಮಸ್ಕಿಯಲ್ಲಿ ಕರೆಂಟು ಹೋಗಿ ಆಫೀಸು ಬೇಗ ಬಿಟ್ಟಿತ್ತು. ಹೆಂಡತಿಯ ಮಗ್ಗುಲಲ್ಲಿ ಜಾಗ ಕಂಡು ಖುಷಿಯಿಂದ ಕಾಲಿಟ್ಟ.

'ಅಲ್ಲಿ ಕುಂದ್ರಬ್ಯಾಡ್ರಿ,' ಅಯ್ಯಮ್ಮ ಕೈ ಅಡ್ಡ ಹಿಡಿದಳು. 'ಅಡಗಿಮನಿ ಐತಿ.'

ಅವನು ಒಂದು ಕಾಲು ಒಳಗೆ, ಒಂದು ಕಾಲು ರಸ್ತೆಯ ಮೇಲೆ ಇಟ್ಟುಕೊಂಡು ಎಲ್ಲ ಕೇಳಿದ. ಅಯ್ಯಮ್ಮನಿಗೆ ಅವನು ಯಾರೆಂದು ಗೊತ್ತಿರಲಿಲ್ಲ. ಹೊಸ ಗಿರಾಕಿಯೆಂದು ತಿಳಿದು ಮನೆ ಪೂರ್ತಿ ತೋರಿಸಿದಳು. ಅತ್ತೆಗೆ ಬಚ್ಚಲ ಹತ್ತಿರದ ಖೋಲಿ, ಮೊಣಕಾಲು ನೋವಂತೆ. ಮಗಳಿಗೆ ಕಿಟಕಿಯ ಕೆಳಗೆ ಓದುವ ಮೇಜು. ಬಂದವರಿಗೆ ಕಟ್ಟೆ. ತನ್ನ ಬುಟ್ಟಿ ತೂಗು ಹಾಕಲು ಒಂದು ಗೂಟ ಕೂಡ. ಮಮತಾ ತಲೆ ಎತ್ತಲಿಲ್ಲ. ಈಗ ನಗುತ್ತಾನೆ, ಗಾಳಿಗೆ ಟಿಕೀಟು ಅನ್ನುತ್ತಾನೆ, ಇಷ್ಟು ಜನರ ಎದುರು ಮನೆ ಕುಸಿಯುತ್ತದೆ ಎಂದುಕೊಂಡಳು.

ಅವನು ನಗಲಿಲ್ಲ. ಆ ಖಾಲಿ ಜಾಗವನ್ನೇ ನೋಡಿದ.

'ಮತ್ತ ನಾ ಎಲ್ಲಿರತೀನಿ, ಮಮತಾ?'

ಮಮತಾ ಮನಸ್ಸಿನಲ್ಲಿ ಒಂದೊಂದೇ ಖೋಲಿ ಹೊಕ್ಕು ಹುಡುಕಿದಳು. ಪಡಸಾಲೆ, ಮಾಳಿಗೆ, ಹಿತ್ತಲ ಕರಿಬೇವಿನ ಬುಡ. ಎಲ್ಲೂ ಅವನಿರಲಿಲ್ಲ. ಸಿಟ್ಟಿನಿಂದ ಬಿಟ್ಟದ್ದಲ್ಲ. ಮಿರ್ಚಿ ಬಿಟ್ಟು, ಬಾಡಿದ ಮುಖ ಹೊತ್ತು, ಇವಳ ಮನೆಗಾಗಿಯೇ ಒಂದೊಂದು ರೂಪಾಯಿ ಕೂಡಿಡುತ್ತಿದ್ದ ಮನುಷ್ಯನನ್ನು ಅವಳು ಸುಮ್ಮನೆ ಮರೆತಿದ್ದಳು. ಅವಳಿಗೆ ಅಳು ಬಂತು.

ಬ್ಯಾಗು ಎತ್ತಿ ಎದೆಗವಚಿಕೊಂಡು, ನಾಣ್ಯಗಳನ್ನು ಬಳಿದು ಅಯ್ಯಮ್ಮನ ಕೈಗಿಟ್ಟು, ಪಕ್ಕಕ್ಕೆ ಸರಿದಳು. 'ಬರ್ರಿ, ಇಲ್ಲೆ ಕುಂದರ್ರಿ. ಗೋಡಿ ಸರಸತೀನಿ.'

ಹತ್ತು ಜನ ತುಂಬಿದ್ದರಿಂದ ಅಂದು ಯಾರೂ ಎರಡು ರೂಪಾಯಿ ಕೊಡಬೇಕಾಗಲಿಲ್ಲ. ಕಾಲುವೆ ದಾಟುವಾಗ ಅವನ ಭುಜ ಅವಳ ಭುಜಕ್ಕೆ ತಾಗುತ್ತಲೇ ಇತ್ತು. ಗದ್ದೆಯ ಮೇಲಿನ ಬೆಳಕು ಮೊದಲಿನಂತೆಯೇ ಇತ್ತು. ಸ್ವಲ್ಪ ದೂರ ಹೋದ ಮೇಲೆ ಅವನು, 'ಆ ಕಟ್ಟಿ ಐತೆಲ್ಲಾ, ಸ್ವಲ್ಪ ಅಗಲ ಇರಲಿ. ಮಿರ್ಚಿ ತಿನ್ನಾಕ ಇಬ್ಬರು ಕುಂದ್ರೂವಷ್ಟು,' ಅಂದ. ಅವಳು ಕಟ್ಟೆ ಅಗಲ ಮಾಡಿದಳು.

ಮರುದಿನ ಮುಂಜಾನೆ ಬುತ್ತಿ ಡಬ್ಬಿ ಬ್ಯಾಗಿಗೆ ಹಾಕಲು ಹೋದರೆ ಅದರ ಮುಚ್ಚಳದ ಮೇಲೆ ಇಪ್ಪತ್ತರ ನೋಟೊಂದು ಮಡಚಿ ಇಟ್ಟಿತ್ತು. ಆನಂದಕುಮಾರ ಬಾಗಿಲಲ್ಲಿ ಬಾಗಿ ಶೂ ಕಟ್ಟಿಕೊಳ್ಳುತ್ತಿದ್ದ.

'ಇದು ಯಾತರದ್ರಿ?'

'ನನ್ನ ಸೀಟಿಂದು,' ಅಂದ ತಲೆ ಎತ್ತದೆ. 'ಇವತ್ತು ಬೈಕ್ ಬರತೈತಿ, ನಾ ಬರಾಂಗಿಲ್ಲ. ಆದ್ರ ಅಲ್ಲಿ ಮತ್ತ ಯಾರನ್ನೂ ಕುಂದ್ರಸಬ್ಯಾಡ.'